ಬದಲಿ ಇಲ್ಲದ ಆಟಗಾರ

ಕಾಲ್ಚೆಂಡಿನ ಆಟಗಾರನೊಬ್ಬನ ನಿವೃತ್ತಿಗೂ ಹೋಟೇಲು ಗಿರಣಿಗಳಲ್ಲಿ ಬೆವರು ಸುರಿಸಿದ ನಮಗೂ ಎಲ್ಲಿಯ ಸಂಬಂಧವೆಂದು ನಮ್ಮ ವಾಚಕರಲ್ಲೇ ಕೆಲವರು ಕೇಳಬಹುದು. ಪಗಾರ, ಬೋನಸ್ಸು, ಖೋಲಿಯ ಬಾಡಿಗೆ, ಗಿರಣಿ ಕಾಮಗಾರರಿಗೆ ಸಲ್ಲಬೇಕಾದ ಮನೆಗಳು, ಇವುಗಳ ಚರ್ಚೆಗೇ ಸ್ಥಳ ಸಾಲದ ಈ ಪುಟಗಳಲ್ಲಿ ಆಟದ ಮಾತಿಗೆ ಎಡೆ ಎಲ್ಲಿಂದ ಎಂದು ಗದರಿಸುವವರೂ ಇದ್ದಾರು. ಆದರೆ ಸುನಿಲ್ ಛೇತ್ರಿಯವರ ವಿಷಯವನ್ನು ಹಾಗೆ ತಳ್ಳಿಹಾಕುವಂತಿಲ್ಲ. ಅವರು ಒಂದು ಕಾಲದಲ್ಲಿ ಬಟ್ಟೆ ಗಿರಣಿಯ ತಂಡದಲ್ಲಿ ಆಡಿ ಹೊಟ್ಟೆ ಹೊರೆದವರು. 2013ರಲ್ಲಿ ಹುಟ್ಟಿದ ನಮ್ಮ ಬೆಂಗಳೂರಿನ ತಂಡಕ್ಕೆ ಮೊದಲ ವರುಷದಿಂದಲೇ ಮುಖವಾದವರು. ನಮ್ಮ ಈ ಮುಂಬಯಿಯಲ್ಲಿದ್ದುಕೊಂಡು, ಆಟ ನೋಡಲು ಬನ್ನಿರೆಂದು ಜನರನ್ನು ಅಂಗಲಾಚಿ ಕರೆದವರು. ಅವರ ನಿವೃತ್ತಿಯ ಸುತ್ತ ಅಭಿಮಾನಿಗಳು ಆಡುವ ಮಾತಿನಲ್ಲಿ ಕಣ್ಣೀರು ಬೇಕಾದಷ್ಟಿದೆ, ಗೋಲುಗಳ ಲೆಕ್ಕವೂ ಬೇಕಾದಷ್ಟಿದೆ. ಕೇಳಬೇಕಾದ ಪ್ರಶ್ನೆ ಮಾತ್ರ ಹಿಂದೆ ಬಿದ್ದಿದೆ.

ನಡೆದ ಸಂಗತಿ ಸ್ಥೂಲವಾಗಿ ಎಲ್ಲರಿಗೂ ಗೊತ್ತು. 2024ನೆಯ ಇಸವಿ ಮೇ 16ರಂದು ಛೇತ್ರಿಯವರು, ರಾಷ್ಟ್ರ ತಂಡದ ಅಂಗಿಯನ್ನು ಕಳಚಿಡುವೆನೆಂದು ಸ್ವತಃ ಚಿತ್ರಮುದ್ರಿಕೆಯೊಂದರಲ್ಲಿ ಹೇಳಿದರು. ಮನೆಯಲ್ಲಿ ಈ ಸುದ್ದಿ ಮುಟ್ಟಿಸಿದಾಗ ತಂದೆಗೆ ನಿರಾಳವಾಯಿತೆಂದೂ, ತಾಯಿಯೂ ಹೆಂಡತಿಯೂ ಅತ್ತರೆಂದೂ ಅದರಲ್ಲಿ ತಿಳಿಸಿದರು. ಜೂನ್ 6ರಂದು ಕಲಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತಿನ ಎದುರು ಆಡಿದ್ದು ವಿದಾಯದ ಪಂದ್ಯ. ಎರಡು ಕಡೆಯೂ ಗೋಲಿಲ್ಲದೆ ಮುಗಿಯಿತು. ಆ ದಿನಕ್ಕೆ ಅವರ ಲೆಕ್ಕ 151 ಪಂದ್ಯ, 94 ಗೋಲು. ಒಂಬತ್ತು ತಿಂಗಳು ಕಳೆಯುವುದರೊಳಗೆ, 2025ರ ಮಾರ್ಚಿಯಲ್ಲಿ, ಮತ್ತೆ ಕರೆ ಬಂತು; ನಾಲ್ವತ್ತು ತುಂಬಿದ ಆಳು ಪುನಃ ಅಂಗಿ ತೊಟ್ಟು ಶಿಲ್ಲಾಂಗಿನಲ್ಲಿ ಮಾಲ್ದೀವಿನ ಮೇಲೆ 95ನೆಯ ಗೋಲು ಹೊಡೆದರು. ಆದರೆ ಅಕ್ಟೋಬರದಲ್ಲಿ ಗೋವೆಯ ಮಡಗಾಂವಿನಲ್ಲಿ ಸಿಂಗಾಪುರವು ನಮ್ಮನ್ನು 2-1ರಿಂದ ಸೋಲಿಸಿ, 2027ರ ಏಷ್ಯನ್ ಕಪ್ಪಿನ ಬಾಗಿಲನ್ನು ಮುಚ್ಚಿತು. ಆಮೇಲೆ ಅವರು ಎರಡನೆಯ ಸಲ ವಿದಾಯ ಹೇಳಿದರು.

ಈ ಎರಡು ವಿದಾಯಗಳ ಮೇಲೆ ಅಭಿಮಾನಿಗಳಲ್ಲಿ ಎರಡು ಪಂಗಡ. ಮೊದಲನೆಯ ಸಲವೇ ಗೌರವದಿಂದ ಹೊರಟವರು ತಿರುಗಿ ಬರಬಾರದಿತ್ತು, ಬಂಗಾರದ ತಟ್ಟೆಗೆ ತಾವೇ ಮಸಿ ಹಚ್ಚಿಕೊಂಡರು ಎನ್ನುವುದು ಒಂದು ಮಾತು. ಕರೆದಾಗ ಬಾರದಿರುವವನು ಸಿಪಾಯಿಯ ಮಗನೇ ಎನ್ನುವುದು ಇನ್ನೊಂದು. ನನಗೆ ಈ ವ್ಯಾಜ್ಯದಲ್ಲಿ ಅಷ್ಟೊಂದು ಆಸಕ್ತಿಯಿಲ್ಲ. ಬಂದವರನ್ನು ವಿಚಾರಿಸುವ ಮೊದಲು ಕರೆದವರನ್ನು ವಿಚಾರಿಸಬೇಕು. ನೂರ ನಾಲ್ವತ್ತು ಕೋಟಿ ಜನರ ದೇಶದಲ್ಲಿ, ನಿವೃತ್ತನಾದ ನಾಲ್ವತ್ತು ವರುಷದವನ ಮನೆಯ ಕದ ತಟ್ಟುವ ಗತಿ ಏಕೆ ಬಂತು?

ಆ ಪ್ರಶ್ನೆಗೆ ಹೋಗುವ ಮುನ್ನ ಮನುಷ್ಯನ ವಿಚಾರ ನಾಲ್ಕು ಮಾತು ಹೇಳದಿದ್ದರೆ ಅಪಚಾರವಾದೀತು.

ಛೇತ್ರಿಯವರು ಹುಟ್ಟಿದ್ದು 1984ನೆಯ ಆಗಸ್ಟ್ 3ರಂದು, ಸಿಕಂದರಾಬಾದಿನಲ್ಲಿ. ತಂದೆ ಸೈನ್ಯದಲ್ಲಿದ್ದವರು. ತಾಯಿ ನೇಪಾಳದ ಮಹಿಳಾ ತಂಡದಲ್ಲಿ ಕಾಲ್ಚೆಂಡು ಆಡಿದವರು. ಆಟ ತಾಯಿಯ ಕಡೆಯಿಂದ ಬಂತೆನ್ನುವುದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು. ತಂದೆಗೆ ವರ್ಗವಾದಂತೆಲ್ಲ ಊರು ಬದಲು, ಶಾಲೆ ಬದಲು. 2002ರಲ್ಲಿ ಕಲಕತ್ತೆಯ ಮೋಹನ್ ಬಾಗಾನ್ ಸೇರಿದಾಗ ವಯಸ್ಸು ಹದಿನೆಂಟು ಸಹ ಆಗಿರಲಿಲ್ಲ. ಹೊಟ್ಟೆಪಾಡಿಗಾಗಿ ಅದೇ ಪ್ರಾಯದಲ್ಲಿ, ಅದಕ್ಕಿಂತಲೂ ಎಳೆಯದರಲ್ಲಿ, ಊರು ಬಿಟ್ಟು ಬಂದವರು ನಮ್ಮಲ್ಲಿ ಎಷ್ಟು ಜನರಿಲ್ಲ?

2005ರಲ್ಲಿ ಅವರು ಹೋಗಿ ಸೇರಿದ್ದು ಪಂಜಾಬಿನ ಫಗ್ವಾಡದ ಜೆಸಿಟಿ ತಂಡವನ್ನು. ಜೆಸಿಟಿ ಎಂದರೆ ಜಗತ್‌ಜಿತ್ ಹತ್ತಿಬಟ್ಟೆ ಗಿರಣಿ. ಬಟ್ಟೆ ನೇಯುವ ಗಿರಣಿಯೊಂದು ತಂಡ ಕಟ್ಟಿ, 1996-97ರಲ್ಲಿ ನಡೆದ ಮೊತ್ತಮೊದಲ ರಾಷ್ಟ್ರೀಯ ಲೀಗನ್ನೇ ಗೆದ್ದಿತ್ತು. ತ್ರಿಶೂರಿನ ಮೈದಾನದಲ್ಲಿ ಸೋಡಾ ಮಾರುತ್ತಿದ್ದ ಹುಡುಗ ಐ. ಎಂ. ವಿಜಯನ್, ಮುಂದೆ ಕೇರಳ ಪೋಲೀಸಿನಲ್ಲಿ ನೌಕರಿ ಹಿಡಿದು ದೊಡ್ಡ ಆಟಗಾರನಾಗಿ, ಇದೇ ಗಿರಣಿಯ ತಂಡದಲ್ಲಿಯೂ ಆಡಿದ್ದರು. ಛೇತ್ರಿಯವರು ಅಲ್ಲಿ ಮೂರು ವರುಷ ಕಳೆದು ಹದಗೊಂಡರು. ಆ ತಂಡ 2011ರಲ್ಲಿ ಬಾಗಿಲು ಹಾಕಿತು.

ಅವರು ರಾಷ್ಟ್ರಕ್ಕಾಗಿ ಮೊದಲ ಪಂದ್ಯ ಆಡಿದ್ದು 2005ರ ಜೂನ್ 12ರಂದು, ಪಾಕಿಸ್ತಾನದ ಕ್ವೆಟ್ಟಾದಲ್ಲಿ. ಮೊದಲ ದಿನವೇ ಗೋಲು. 2008ರಲ್ಲಿ ದಿಲ್ಲಿಯ ಅಂಬೇಡ್ಕರ್ ಮೈದಾನದಲ್ಲಿ ತಜಿಕಿಸ್ತಾನದ ಮೇಲೆ ಮೂರು ಗೋಲು ಹೊಡೆದು, 27 ವರುಷಗಳ ತರುವಾಯ ಭಾರತಕ್ಕೆ ಏಷ್ಯನ್ ಕಪ್ಪಿನ ದಾರಿ ತೆರೆದರು. 2011ರ ಆ ಕಪ್ಪಿನಲ್ಲಿ ಬಹರೈನ್, ದಕ್ಷಿಣ ಕೊರಿಯಗಳ ಮೇಲೆ ಒಂದೊಂದು. 2019ರಲ್ಲಿ ಥಾಯ್ಲೆಂಡಿನ ಮೇಲೆ ಎರಡು. ಬೆಂಗಳೂರಿನವರು 2023ರ ಜೂನ್, ಜುಲೈಯನ್ನು ಮರೆಯಲಾರರು: ಕಂಠೀರವ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ಮೇಲೆ ಮೂರು ಗೋಲು, ಕೊನೆಗೆ ಕುವೈತನ್ನು ಪೆನಾಲ್ಟಿಯಲ್ಲಿ ಮಣಿಸಿ ದಕ್ಷಿಣ ಏಷ್ಯದ ಕಪ್ಪು. ಬೆಂಗಳೂರು ತಂಡಕ್ಕೆ ಹುಟ್ಟಿದ ವರುಷವೇ ಐ-ಲೀಗಿನ ಗೆಲುವು; 2016ರಲ್ಲಿ ಏಷ್ಯದ ಕ್ಲಬ್ಬುಗಳ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ. ಅಲ್ಲಿಯ ತನಕ ಭಾರತದ ಯಾವ ಕ್ಲಬ್ಬೂ ಆ ಮೆಟ್ಟಲು ಹತ್ತಿರಲಿಲ್ಲ.

ಬಲಹೀನ ತಂಡಗಳ ಮೇಲೆ ಹೊಡೆದ ಗೋಲುಗಳೇ ಹೆಚ್ಚೆಂದು ಮೂಗು ಮುರಿಯುವವರಿದ್ದಾರೆ. ಲೆಕ್ಕ ಸುಳ್ಳಲ್ಲ. ಆದರೆ ಎದುರಾಳಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಆಟಗಾರನಿಗೆಲ್ಲಿದೆ? ಬಂದ ಗಿರಾಕಿಗೆ ಬಡಿಸುವುದಷ್ಟೆ ಮಾಣಿಯ ಕೆಲಸ. ಅವರನ್ನು ಮೆಸ್ಸಿ, ರೊನಾಲ್ಡೊ ಇವರ ಸಾಲಿನಲ್ಲಿಟ್ಟು ಗೋಲು ಎಣಿಸುವ ಅಭಿಮಾನಿಗಳೂ ಅಷ್ಟೇ ತಪ್ಪುತ್ತಾರೆ; ಆ ಹೋಲಿಕೆಯಿಂದ ಇವರಿಗೆ ಬಂದ ಭಾಗ್ಯವೇನೂ ಇಲ್ಲ. ಹೊರದೇಶದಲ್ಲಿ ಅವರ ಕೈಗೂಡಿದ್ದು ಅಲ್ಪ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡ ಒಪ್ಪಿಕೊಂಡಿತ್ತು. ಆದರೆ ಭಾರತವು ಲೋಕದ ಮೊದಲ 70 ತಂಡಗಳೊಳಗಿಲ್ಲವೆಂಬ ಕಾರಣಕ್ಕೆ ಬ್ರಿಟಿಷ್ ಸರಕಾರ ದುಡಿಮೆಯ ಪರವಾನಗಿ ಕೊಡಲಿಲ್ಲ. ದೇಶದ ದೌರ್ಬಲ್ಯಕ್ಕೆ ಕಾಮಗಾರನ ಅನ್ನ ಹೋಯಿತು! 2010ರಲ್ಲಿ ಅಮೇರಿಕದ ಕಾನ್ಸಾಸ್ ಸಿಟಿ, 2012ರಲ್ಲಿ ಪೋರ್ತುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡ. ಎರಡು ಕಡೆಯೂ ಆಡಲು ಸಿಕ್ಕಿದ್ದು ಬಲು ಕಡಿಮೆ. ಹಿಂತಿರುಗಿ ಬಂದರು. ಮುಖ ಸಣ್ಣದು ಮಾಡಿಕೊಳ್ಳದೆ ಕೆಲಸಕ್ಕೆ ಹತ್ತಿದರು.

ನನಗೆ ಅವರಲ್ಲಿ ಮೆಚ್ಚುಗೆಯಾದದ್ದು ಆ ಕೆಲಸಗಾರತನ. ಎತ್ತರದ ಆಳಲ್ಲ, ಆದರೂ ಎಷ್ಟೋ ಗೋಲುಗಳನ್ನು ತಲೆಯಿಂದ ಹೊಡೆದರು. ಎದುರಿನ ಗಟ್ಟಿಗ ನೆಗೆಯುವುದಕ್ಕೆ ಅರೆಕ್ಷಣ ಮೊದಲು ನೆಗೆಯುವ ವೇಳೆಗಾರಿಕೆ ಅದು. ದಿನದಿನವೂ ಮಾಡಿದವನಿಗೆ ಮಾತ್ರ ಬರುವುದು. ಊಟ, ನಿದ್ದೆ, ಅಭ್ಯಾಸಗಳಲ್ಲಿ ಅವರ ಕಟ್ಟುನಿಟ್ಟು ಎಲ್ಲರೂ ಬಲ್ಲದ್ದು. ದೋಸೆ ಹುಯ್ಯುವ ನಮ್ಮ ಭಟ್ಟರಿಗೆ ಕಾವಲಿಯ ಕಾವು ಕೈಗೆ ತಿಳಿಯುವುದು ಹೇಗೋ, ಇದೂ ಹಾಗೆಯೇ.

ಈಗ ಮುಂಬಯಿಯ ಸಂಗತಿಗೆ ಬರುವೆ. 2018ರ ಜೂನ್ 1ರಂದು ಅಂಧೇರಿಯ ಮೈದಾನದಲ್ಲಿ ಭಾರತವು ಚೀನೀ ತೈಪೆಯನ್ನು ಐದು ಗೋಲುಗಳಿಂದ ಸೋಲಿಸಿತು. ಛೇತ್ರಿಯವರವೇ ಮೂರು. ನೋಡಿದವರೆಷ್ಟು? 2,569 ಜನ. ಇಷ್ಟು ದೊಡ್ಡ ಪಟ್ಟಣದಲ್ಲಿ ದೇಶದ ತಂಡದ ಆಟಕ್ಕೆ ಅಷ್ಟೇ ಮಂದಿ! ಮರುದಿನ ಅವರು ಜನರಿಗೆ ಮನವಿ ಮಾಡಿದರು. ಯೂರೋಪಿನ ತಂಡಗಳ ಅಭಿಮಾನಿಗಳೇ, ನಮ್ಮ ಆಟ ಆ ಮಟ್ಟದ್ದಲ್ಲವೆಂದು ಬಲ್ಲೆವು. ಬಯ್ಯಿರಿ, ಟೀಕಿಸಿರಿ, ಆದರೆ ಮೈದಾನಕ್ಕೆ ಬಂದು ಎದುರಿಗೆ ಕುಳಿತು ಬಯ್ಯಿರಿ ಎಂಬುದು ಅದರ ತಾತ್ಪರ್ಯ. ಜೂನ್ 4ರಂದು ಕೆನ್ಯಾದ ಎದುರು ಅವರ ನೂರನೆಯ ಪಂದ್ಯ. ಸುರಿಯುವ ಮಳೆ. ಟಿಕೇಟುಗಳೆಲ್ಲ ಮುಗಿದು ಮೈದಾನ ತುಂಬಿಹೋಗಿತ್ತು. ಭಾರತ ಮೂರು ಗೋಲಿನಿಂದ ಗೆದ್ದಿತು, ಎರಡು ಅವರವೇ. ಆರು ದಿನಗಳ ಮೇಲೆ ಅದೇ ಕೆನ್ಯಾದ ಮೇಲೆ ಅಂತಿಮ ಪಂದ್ಯ. ಅಲ್ಲಿಯೂ ಎರಡು ಗೋಲು, ಎರಡೂ ಅವರವು.

ನಮ್ಮ ಹೋಟೇಲು ಬಂಧುಗಳಿಗೆ ಆ ಆಟಗಳಿಗೆ ಹೋಗಲು ಸಾಧ್ಯವಿತ್ತೇ ಎಂದರೆ, ಬಹುಮಂದಿಗೆ ಇರಲಿಲ್ಲ. ಪಂದ್ಯ ನಡೆಯುವುದು ರಾತ್ರಿ, ಗಿರಾಕಿಗಳ ಭರಾಟೆಯ ವೇಳೆಗೆ. ಲೋಕವೆಲ್ಲ ಆಡುವಾಗ ದುಡಿಯುವುದು ನಮ್ಮ ಕಸುಬಿನ ಹಣೆಬರಹ. ಆದ್ದರಿಂದ ಖಾಲಿ ಮೈದಾನದ ತಪ್ಪನ್ನು ನಮ್ಮ ಹುಡುಗರ ಮೇಲೆ ಹೊರಿಸಲಾರೆ. ಆದರೆ ಆ ಜೂನಿನ ಜನಸಮುದಾಯ ಬಂದದ್ದು ಆಟಕ್ಕಲ್ಲ, ಒಬ್ಬ ಮನುಷ್ಯನ ಮಾತಿಗೆ. ಅವರು ಕರೆದದ್ದು ತಮಗಾಗಿ ಮಾತ್ರವಲ್ಲ. ಬಂದವರು ಮಾತ್ರ ಅವರನ್ನಷ್ಟೆ ಕಂಡು ತಿರುಗಿದರು.

ಬದಲಿಯ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಬದಲಿ ಪದ್ಧತಿಯನ್ನು ವಿವರಿಸಬೇಕಿಲ್ಲ. ಮುಂಜಾನೆ ಕಾರ್ಡು ಹಿಡಿದು ಗೇಟಿನ ಮುಂದೆ ನಿಲ್ಲುವುದು, ಕಾಯಂ ಕೆಲಸಗಾರ ಬಾರದಿದ್ದರೆ ಒಳಗೆ ಹೋಗುವುದು, ಬಂದರೆ ಚಾಳಿಗೆ ಹಿಂತಿರುಗುವುದು. ಅದರಲ್ಲಿ ಅನ್ಯಾಯ ಬೇಕಷ್ಟಿತ್ತು. ಅದರ ವಿರುದ್ಧ ಹೋರಾಡಿದವರೂ ನಾವೇ. ಆದರೂ ಬದಲಿಗೆ ನಿಂತ ಹುಡುಗ ನಿಧಾನವಾಗಿ ಮಗ್ಗವನ್ನು ಕಲಿಯುತ್ತಿದ್ದ. ಭಾರತದ ಕಾಲ್ಚೆಂಡಿನಲ್ಲಿ ಹತ್ತೊಂಬತ್ತು ವರುಷ ಒಬ್ಬನೇ ಮಗ್ಗ ನಡೆಸಿದ. ಪಕ್ಕದಲ್ಲಿ ನಿಂತು ಕಲಿಯಲು ಯಾರನ್ನೂ ಬಿಡಲಿಲ್ಲ. ಬಿಡದವನು ಅವನಲ್ಲ, ಕ್ಲಬ್ಬುಗಳ ಒಡೆಯರು. ಗೋಲು ಹೊಡೆಯುವ ನಡುವಣ ಜಾಗಕ್ಕೆ ವರುಷ ವರುಷವೂ ಸಿದ್ಧ ಸರಕೆಂದು ಹೊರದೇಶದವರನ್ನು ತರಿಸಿದರು. ಛೇತ್ರಿಯಂಥ ಛೇತ್ರಿಯವರೇ ಎಷ್ಟೋ ಸಲ ಅಂಚಿನಲ್ಲಿ ಆಡಬೇಕಾಯಿತು. ಮಿಕ್ಕ ಹುಡುಗರ ಪಾಡು ಕೇಳುವುದೇನು? ಲೋಟ ತೊಳೆಯುವ ಹುಡುಗನನ್ನು ಹತ್ತು ವರುಷವಾದರೂ ಒಲೆಯ ಹತ್ತಿರ ಬಿಡದೆ, ಒಳ್ಳೆಯ ಭಟ್ಟರು ಸಿಕ್ಕುವುದಿಲ್ಲವೆಂದು ಗಲ್ಲೆಯ ಮೇಲೆ ಕುಳಿತು ಗೋಳಾಡುವ ಮಾಲಿಕರನ್ನು ನಾವು ಕಂಡಿದ್ದೇವೆ.

ಅದರ ಫಲ ಕಣ್ಣಿಗೆ ಕಾಣುತ್ತದೆ. 2024ರಲ್ಲಿ ಭಾರತ ತಂಡ ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆ ವರುಷದ ಮೊದಲ ಅರ್ಧದಲ್ಲಿ ಅವರೂ ಇದ್ದರು. ಅವರ 150ನೆಯ ಪಂದ್ಯದಲ್ಲಿ, ಗುವಾಹಾಟಿಯಲ್ಲಿ, ಅವರು ಗೋಲು ಹೊಡೆದರೂ ಅಫಘಾನಿಸ್ತಾನದ ಕೈಯಲ್ಲಿ 2-1ರಿಂದ ಸೋತೆವು. ಆದ್ದರಿಂದ ಅವರು ಹೋದದ್ದೇ ಕಾರಣವೆಂದು ಹೇಳಲಾಗದು. ಹೋದ ಮೇಲೆ ಹರಿದ ಚಾಪೆ ಎಲ್ಲರಿಗೂ ಕಂಡಿತು, ಅಷ್ಟೆ. ತಿರುಗಿ ಬಂದದ್ದಕ್ಕೆ ಅವರನ್ನು ಬಯ್ಯುವ ಮಿತ್ರರಿಗೆ ನನ್ನ ಉತ್ತರ ಇದು: 2024-25ರ ಲೀಗಿನಲ್ಲಿ ಭಾರತೀಯರಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವರು, 14 ಗೋಲು ಹೊಡೆದವರು, ಆ ನಿವೃತ್ತ ಮನುಷ್ಯರೇ. ಇಪ್ಪತ್ತೈದರ ಹುಡುಗರಿಗೆ ಅದು ಆಗದಿದ್ದುದು ಅವರ ಅಪರಾಧವೇ?

ಇನ್ನು ಪಗಾರದ ಮಾತು. ಇದನ್ನು ನಮ್ಮ ಪತ್ರಿಕೆ ಹೇಳದಿದ್ದರೆ ಬೇರೆಯವರು ಹೇಳುವುದು ಸಂಶಯ. ಹಿಂದೆ ಈ ಪಟ್ಟಣದಲ್ಲಿ ಮಫತ್‌ಲಾಲ್, ಓರ್ಕೇ ಗಿರಣಿಗಳಿಗೆ ಕಾಲ್ಚೆಂಡಿನ ತಂಡಗಳಿದ್ದವು. ಟಾಟಾ, ಏರ್ ಇಂಡಿಯಾ, ರೈಲ್ವೆ, ಮಹೀಂದ್ರ ತಂಡಗಳಿದ್ದವು. ಬೆಂಗಳೂರಿನಲ್ಲಿ ಐ.ಟಿ.ಐ., ಎಚ್.ಎ.ಎಲ್. ಕಾರ್ಖಾನೆಗಳ ತಂಡಗಳಿದ್ದವು. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯದ ಮೇಲೆ ಮೂರು ಗೋಲು ಹೊಡೆದ ನಮ್ಮ ಮುಂಬಯಿಯ ನೆವಿಲ್ ಡಿ’ಸೋಜಾ ಟಾಟಾ ತಂಡಕ್ಕೆ ಆಡಿದವರು. ಇಂಥ ತಂಡಗಳಲ್ಲಿ ಕಾಯಂ ಆದವನಿಗೆ ಆಟದ ಜತೆಗೆ ನೌಕರಿಯಿತ್ತು. ಮೂವತ್ತೈದಕ್ಕೆ ಮೊಣಕಾಲು ಕೈಕೊಟ್ಟರೂ ಹಾಜರಿ ಪಟ್ಟಿಯಲ್ಲಿ ಹೆಸರಿತ್ತು, ಪ್ರಾವಿಡೆಂಟ್ ಫಂಡಿತ್ತು. 1982ರ ಮುಷ್ಕರದ ತರುವಾಯ ಗಿರಣಿಗಳು ಹೇಗೆ ಒಂದೊಂದಾಗಿ ಮುಚ್ಚಿದವೋ ನಾವು ಬಲ್ಲೆವು. ಆಟದ ತಂಡಗಳದೂ ಅದೇ ದಾರಿ. ಮಹೀಂದ್ರದವರು 2010ರಲ್ಲಿ ತಂಡ ಮುಚ್ಚಿದರು, ಮರುವರುಷ ಜೆಸಿಟಿ.

ಹೊಸ ಕ್ಲಬ್ಬುಗಳಲ್ಲಿ ಹಣ ಹೆಚ್ಚು, ಭದ್ರತೆ ಕಡಿಮೆ. ಎರಡು ಮೂರು ವರುಷದ ಕರಾರು, ಆಮೇಲೆ ದೇವರೇ ಗತಿ. ಅದು ಎಷ್ಟು ತೆಳುವಾದ ನೂಲೆಂಬುದು 2025ರಲ್ಲಿ ಬಯಲಾಯಿತು. ಲೀಗನ್ನು ನಡೆಸುವ ಕಂಪೆನಿಗೂ ಅಖಿಲ ಭಾರತ ಫೆಡರೇಷನ್ನಿಗೂ 2010ರಲ್ಲಿ ಆದ 15 ವರುಷದ ಕರಾರು ಆ ದಶಂಬರಕ್ಕೆ ಮುಗಿಯುವುದಿತ್ತು. ಮುಂದೇನೆಂದು ಯಾರೂ ಹೇಳಲಿಲ್ಲ. ಲೀಗು ಅದರ ಕಾಲಕ್ಕೆ ಆರಂಭವಾಗಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರು ತಂಡ ತನ್ನ ಆಟಗಾರರ ಮತ್ತು ನೌಕರರ ಪಗಾರವನ್ನು ಅನಿಶ್ಚಿತ ಕಾಲದ ತನಕ ನಿಲ್ಲಿಸಿರುವೆನೆಂದು ಪ್ರಕಟಿಸಿತು. ಛೇತ್ರಿಯವರ ತಂಡವೇ ಅದು! ಅವರಿಗೆ ಹೆಸರಿದೆ, ಕೂಡಿಟ್ಟ ಹಣವಿದೆ, ತಡೆದುಕೊಂಡಾರು. ಅಂಗಿ ಒಗೆಯುವವನು, ಮೈತಿಕ್ಕುವವನು, ಇಪ್ಪತ್ತರ ಹೊಸ ಹುಡುಗ, ಊರಿನಲ್ಲಿ ಇವನ ಮನಿಯಾರ್ಡರಿನ ದಾರಿ ಕಾಯುವ ತಾಯಿ? ನವಂಬರದಲ್ಲಿ ಆಟಗಾರರೆಲ್ಲ ಒಟ್ಟಾಗಿ, ಛೇತ್ರಿಯವರೂ ಸೇರಿ, ನಮಗೆ ಆಡಲು ಕೊಡಿರೆಂದು ಹೇಳಿಕೆ ಹೊರಡಿಸಿದರು. ನಾಯಕನಾದವನು ಕಿರಿಯರ ಸಾಲಿನಲ್ಲಿ ನಿಂತು ಸಹಿ ಹಾಕಿದ್ದು 95 ಗೋಲುಗಳಿಗೆ ಕಡಿಮೆಯಾದ ಕೆಲಸವಲ್ಲವೆಂದು ನಾನು ಭಾವಿಸುತ್ತೇನೆ. ಕಾಲ್ಚೆಂಡು ಆಟಗಾರರಿಗೆ ತಮ್ಮದೊಂದು ಸಂಘ 2006ರಿಂದ ಇದೆ. ಭೈಚುಂಗ್ ಭುಟಿಯಾ ಮುಂತಾದವರು ಕಟ್ಟಿದ್ದು. ಅದಕ್ಕೆ ಬಲ ಸಾಲದೆಂಬುದು ಆ ಚಳಿಗಾಲದಲ್ಲಿ ಸ್ಪಷ್ಟವಾಯಿತು.

ಅದೇ ಡಿಸೆಂಬರಿನಲ್ಲಿ, ಲೀಗು ಇನ್ನೂ ನಿಂತಿರುವಾಗಲೇ, ಮೆಸ್ಸಿ ಭಾರತಕ್ಕೆ ಬಂದರು. ಛೇತ್ರಿ ಕಣ್ಣೀರಿಟ್ಟು ವಿದಾಯ ಹೇಳಿದ ಅದೇ ಸಾಲ್ಟ್ ಲೇಕಿನಲ್ಲಿ ಜನ ಸಾವಿರಗಟ್ಟಲೆ ರೂಪಾಯಿ ತೆತ್ತು ಕುಳಿತರು. ಅತಿಥಿ ಇಪ್ಪತ್ತು ನಿಮಿಷದಷ್ಟು ಹೊತ್ತು ಕಾಣಿಸಿ, ದೊಡ್ಡ ಮನುಷ್ಯರ ಗುಂಪಿನಲ್ಲಿ ಮರೆಯಾದಾಗ, ರೊಚ್ಚಿಗೆದ್ದು ಬಾಟ್ಲಿ ಕುರ್ಚಿಗಳನ್ನು ಎಸೆದರು. ಮರುದಿನ ನಮ್ಮ ವಾಂಖೇಡೆಯಲ್ಲಿ ಮೆಸ್ಸಿ ಛೇತ್ರಿಯವರಿಗೆ ತನ್ನ ಅಂಗಿಯನ್ನು ಕಾಣಿಕೆಯಿತ್ತರು. ಚಿತ್ರ ಚೆನ್ನಾಗಿ ಬಂದಿತ್ತು. ಪಡೆದವರ ಕ್ಲಬ್ಬಿಗೆ ಆಗ ಆಡಲು ಲೀಗಿರಲಿಲ್ಲವೆಂಬುದು ಚಿತ್ರದಲ್ಲಿ ಕಾಣುವುದಿಲ್ಲ.

ಇಷ್ಟನ್ನು ಬರೆದದ್ದು ಬೇಸರ ಹಂಚಲಿಕ್ಕಲ್ಲ. ಕೂಪರೇಜಿನಲ್ಲಿ, ಬಾಂದ್ರಾದ ನೆವಿಲ್ ಡಿ’ಸೋಜಾ ಮೈದಾನದಲ್ಲಿ ಈ ಪಟ್ಟಣದ ಚಿಕ್ಕ ತಂಡಗಳು ಆಡುತ್ತವೆ. ಅಲ್ಲಿ ಆಡುವವರಲ್ಲಿ ಚಾಳಿನ ಮಕ್ಕಳೂ ಇದ್ದಾರೆ. ಇದೇ ಪಟ್ಟಣದ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಂಸ್ ಎಂಬುದು ನಮ್ಮ ಎಳೆಯರಿಗೆ ತಿಳಿದಂತಿಲ್ಲ. ನಮ್ಮ ಸಂಘದ ವ್ಯವಸ್ಥಾಪಕ ಮಂಡಲಿಗೆ ಎರಡು ಸೂಚನೆ: ಪಂದ್ಯಗಳ ತಾರೀಕುಪಟ್ಟಿಯನ್ನು ತರಿಸಿ ಸಂಘದ ಹಲಗೆಯ ಮೇಲೂ ಈ ಪತ್ರಿಕೆಯಲ್ಲೂ ಹಾಕಬೇಕು, ವಾರದ ರಜೆಯನ್ನು ಸರದಿಯ ಮೇಲೆ ಪಂದ್ಯದ ದಿನಕ್ಕೆ ಹೊಂದಿಸಿ, ಒಂದೊಂದು ಹೋಟೇಲಿನಿಂದ ಇಬ್ಬಿಬ್ಬರು ಹುಡುಗರನ್ನಾದರೂ ಬಿಡಲು ಮಾಲಿಕರೊಡನೆ ಮಾತಾಡಬೇಕು. ಮಾಲಿಕರಲ್ಲಿ ಆಟದ ಹುಚ್ಚಿನವರು ಇದ್ದಾರೆ, ಅವರಿಂದಲೇ ಪ್ರಾರಂಭಿಸಬಹುದು. ಮುಂದಿನ ಮಂಡಲಿಯ ಸಭೆಯಲ್ಲಿ ಈ ವಿಷಯ ಎತ್ತಲು ನಾಲ್ಕು ಜನ ಸದಸ್ಯರ ಸಹಿ ಬೇಕಂತೆ. ಒಂದು ನನ್ನದು.